ರೂಢಿ ಹೇಗೆ ಸುಂಕವಾಯಿತು?

ಓದುಗರ ಪತ್ರ: ಪದ್ಧತಿಗೆ ಇಂಗ್ಲಿಷಿನಲ್ಲಿ ಕಸ್ಟಮ್ ಅಂತಾರೆ. ಮಗ ದುಬೈಯಿಂದ ಬಂದಾಗ ಬ್ಯಾಗ್ ತೆರೆಸಿ ಸುಂಕ ಕಟ್ಟಿಸಿಕೊಂಡವರು ಕಸ್ಟಮ್ಸ್‌ನವರು. ಅಂಗಡಿಗೆ ಬರುವ ಗಿರಾಕಿ ಕಸ್ಟಮರ್. ಇವುಗಳಿಗೆ ಒಂದಕ್ಕೊಂದು ನಂಟಿದೆಯೇ?
– ಓದುಗರೊಬ್ಬರು, ಗಂಗಾವತಿ

ಸಂಪಾದಕರ ಉತ್ತರ: ಇದೆ, ಅದೂ ಒಡಹುಟ್ಟಿದ ನಂಟು. ಮೂರಕ್ಕೂ ಮೂಲ ರೂಢಿ ಎಂಬ ಅರ್ಥದ ಒಂದೇ ಲ್ಯಾಟಿನ್ ಪದ. ಅದು ಹಳೆಯ ಫ್ರೆಂಚಿನಲ್ಲಿ ಸವೆದು ಇಂಗ್ಲೆಂಡಿಗೆ ಬಂತು. ನಮ್ಮ ನಾಟಕದವರ ಕಾಸ್ಟ್ಯೂಮ್ ಕೂಡ ಅದೇ ಮನೆತನದ್ದು, ಇಟಲಿ ಸುತ್ತಿ ಬಂದದ್ದು.

ಮೊದಮೊದಲು ವಾಡಿಕೆಯಂತೆ ಕೊಡುತ್ತಿದ್ದುದನ್ನು ದೊರೆಗಳು ಹಕ್ಕೆಂದೇ ಕೇಳತೊಡಗಿದರು. ಇಂಗ್ಲೆಂಡಿನ ದೊರೆ ಒಪ್ಪಿಕೊಟ್ಟ 1215ರ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ, ವ್ಯಾಪಾರಿಗಳು ಹಳೆಯ, ನ್ಯಾಯವಾದ 'ರೂಢಿ'ಗಳನ್ನಷ್ಟೇ ಕೊಟ್ಟರೆ ಸಾಕು, ಅನ್ಯಾಯದ ಸುಂಕ ಬೇಡ ಎನ್ನುತ್ತದೆ. ಅಷ್ಟು ಹೊತ್ತಿಗಾಗಲೇ ರೂಢಿ ಎಂದರೆ ತೆರಿಗೆ! 1275ರಲ್ಲಿ ಅಲ್ಲಿನ ದೊರೆ ಒಂದನೆಯ ಎಡ್ವರ್ಡ್ ಹೊರದೇಶಕ್ಕೆ ಹೋಗುವ ಉಣ್ಣೆಗೆ ಮೂಟೆಗೆ 6 ಷಿಲಿಂಗ್ 8 ಪೆನ್ಸ್ ಹಾಕಿದ. ಹೊಚ್ಚ ಹೊಸ ತೆರಿಗೆ, ಹೆಸರು ಮಾತ್ರ ರೂಢಿ. ಮುಂದೆ ಅದನ್ನೇ 'ಪುರಾತನ' ಎಂದೂ ಕರೆದರು. ಕವಿ ಚಾಸರ್ 1374ರಿಂದ ಲಂಡನ್ ಬಂದರಿನಲ್ಲಿ ಈ ಉಣ್ಣೆ ಸುಂಕದ ಲೆಕ್ಕವನ್ನೇ ನೋಡುತ್ತಿದ್ದ. ಆಗ ಸುಂಕ ವಸೂಲಿ ಮಾಡುವವನಿಗೂ ಕಸ್ಟಮರ್ ಎನ್ನುತ್ತಿದ್ದರು. ವಾಡಿಕೆಯಾಗಿ ಅಂಗಡಿಗೆ ಬರುವವನು ಎಂಬ ಅರ್ಥ ಮಾತ್ರ ಈಗ ಉಳಿದಿದೆ.

ನಮ್ಮ ಕಡೆಯೂ ರೂಢಿಯ ಕೊಡುಗೆ ಇತ್ತು. ಜೋಳದ ರಾಶಿ ಪೂಜೆ ಮುಗಿದರೆ ಬಡಿಗ, ಕಂಬಾರರು ಕಣಕ್ಕೆ ಚೀಲ ಹಿಡಿದು ಬರುತ್ತಿದ್ದರು. ವರ್ಷವಿಡೀ ಕುಂಟೆ, ಕೂರಿಗೆ ಸರಿಮಾಡಿ ಕೊಟ್ಟವರಿಗೆ ರೈತ ಕಾಳು ಅಳೆದು ಹಾಕುತ್ತಿದ್ದ. ಅದೇ ಆಯ. ಕಾಗದವಿಲ್ಲ, ಪತ್ರವಿಲ್ಲ, ಆದರೂ ಅದು ದುಡಿಮೆಯ ಪಾಲು, ಊರೆಲ್ಲ ಬಲ್ಲ ಲೆಕ್ಕ. ಇಂಥ ರೂಢಿಗೆ ನಾನು ಕೈಮುಗಿಯುತ್ತೇನೆ.

ಇನ್ನೊಂದು ಬಗೆಯದೂ ಇದೆ. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದ ಸೀಮೆ. ಪಾರಸಿ, ಅರಬ್ಬಿ ಪದಗಳು ನಮ್ಮ ಬಾಯಲ್ಲಿ ಹೇರಳ. ಪಾರಸಿಯಲ್ಲಿ ದಸ್ತೂರ್ ಎಂದರೆ ರೂಢಿ, ಅದರಿಂದ ದಸ್ತೂರಿ, ಅಂದರೆ ನಡುವಿನವನು ಮುರಿದುಕೊಳ್ಳುವ ಪಾಲು. ಅರಬ್ಬಿ ಮೂಲದ ಮಾಮೂಲು ಕೂಡ ಹಾಗೇ. 'ಬಸ್ಸು ಮಾಮೂಲಿನಂಗ ಬಂತು' ಎಂದರೆ ಏನೂ ದೋಷವಿಲ್ಲ. 'ಸಾಹೇಬರ ಮಾಮೂಲು ಕೊಡ್ರಿ' ಎಂದರೆ ಮಾತ್ರ ಅದು ಲಂಚ, ಅದನ್ನು ಲಂಚವೆಂದೇ ಕರೆಯಬೇಕು. ಹಿಂದಿನವರು ಕೊಟ್ಟಿದ್ದಾರೆಂಬ ಒಂದೇ ಕಾರಣಕ್ಕೆ ಅದು ಯಾರ ಹಕ್ಕೂ ಆಗುವುದಿಲ್ಲ.

ನಿಮ್ಮ ಮಗ ಕಟ್ಟಿದ ಸುಂಕದ ಬೆನ್ನಿಗೆ 1962ರ ಕಾಯ್ದೆಯಿದೆ. ರಸೀದಿ ಇಸಿದುಕೊಂಡಿದ್ದಾನೋ ಇಲ್ಲವೋ, ಒಮ್ಮೆ ಕೇಳಿ ನೋಡಿ.