ಕೂಸಿನ ಬಟ್ಟೆ: ಜಮಖಂಡಿಯ ತಂಗಿಗೆ

ತಂಗಿ, ನೀನು ಕೇಳಿದ್ದು ಇಷ್ಟು. ಸೆಪ್ಟೆಂಬರ್‌ನಲ್ಲಿ ಗಂಡನ ಜೊತೆ ಅಮೆರಿಕದ ಮಿನೆಸೋಟಾಕ್ಕೆ ಬರುತ್ತಿದ್ದೀಯ, ಡಿಸೆಂಬರ್ ಕೊನೆಗೆ ಹೆರಿಗೆ, ಕೂಸಿನ ಬಟ್ಟೆ ಊರಿಂದಲೇ ತರಬೇಕಾ ಇಲ್ಲಾ ಇಲ್ಲೇ ಕೊಳ್ಳಬೇಕಾ, ಎಷ್ಟು ಜೊತೆ ಬೇಕು, ಯಾವ ಅಂಗಡಿ ಒಳ್ಳೆಯದು. ಓದುತ್ತಿದ್ದ ಹಾಗೇ ನನಗೆ 2009ರ ನವೆಂಬರ್ ನೆನಪಾಯಿತು. ಬಾಗಲಕೋಟೆ ನವನಗರದ ಮನೆಯ ಪಡಸಾಲೆಯಲ್ಲಿ ಎರಡು ಸೂಟ್‌ಕೇಸ್ ತೆರೆದಿಟ್ಟು ಕೂತಿದ್ದೆ. ನನಗೂ ಆಗ ಏಳು ತಿಂಗಳು.

ಅಂಗಡಿ ಯಾವುದಾದರೂ ನಡೆಯುತ್ತದೆ. ಟಾರ್ಗೆಟ್, ವಾಲ್‌ಮಾರ್ಟ್, ಎಲ್ಲಾ ಕಡೆ ಸಿಗುತ್ತದೆ. ತೊಡಿಸುವವರೆಗೆ ಬೆಲೆಯ ಚೀಟಿ ಕೀಳಬೇಡ, ಮರಳಿಸಬೇಕಾದರೆ ಅಂತ ರಸೀದಿ ಇಟ್ಟುಕೊ, ಅಷ್ಟೇ.

ಅಳತೆ ಮಾತ್ರ ಸರಿಯಾಗಿ ತಿಳಿದುಕೊ. ಇಲ್ಲಿನ ಬಟ್ಟೆಯ ಮೇಲೆ ನ್ಯೂಬಾರ್ನ್, 3 ತಿಂಗಳು, 6 ತಿಂಗಳು ಅಂತ ಬರೆದಿರುತ್ತಾರೆ. ತಿಂಗಳು ನೋಡಬೇಡ, ಪಕ್ಕದಲ್ಲಿರುವ ತೂಕ ನೋಡು. ನ್ಯೂಬಾರ್ನ್ ಅಂದರೆ ಸಾಮಾನ್ಯವಾಗಿ 8 ಪೌಂಡ್‌ವರೆಗೆ, ನಮ್ಮ ಲೆಕ್ಕದಲ್ಲಿ ಮೂರೂವರೆ ಕಿಲೋಗಿಂತ ಒಂದಿಷ್ಟು ಜಾಸ್ತಿ. ನನ್ನ ಮಗಳು ಹುಟ್ಟಿದಾಗಲೇ ಮೂರೂವರೆ ಕಿಲೋ ಇದ್ದಳು. ಮೂರನೇ ವಾರಕ್ಕೆ ಕಾಲು ಚಾಚಿದರೆ, ಪಾದದವರೆಗೆ ಮುಚ್ಚುವ ಅಂಗಿಯ ತುದಿ ಬಿಗಿಯುತ್ತಿತ್ತು. ಅದಕ್ಕೇ ನ್ಯೂಬಾರ್ನ್ ಮೂರು ನಾಲ್ಕು ಸಾಕು, ಅದರ ಮುಂದಿನ ಅಳತೆಯದು ಏಳೆಂಟು ಇರಲಿ. ಮನೆಯಲ್ಲೇ ವಾಷಿಂಗ್ ಮಷೀನ್ ಇದ್ದರೆ ಇನ್ನೂ ಕಡಿಮೆಯಾದರೂ ಆಗುತ್ತದೆ. ಗುಂಡಿಯದಕ್ಕಿಂತ ಜಿಪ್ಪಿನದು ತಗೊ, ಅದರಲ್ಲೂ ಕೆಳಗಿನಿಂದಲೂ ತೆರೆಯುವ ಜಿಪ್ಪು. ರಾತ್ರಿ ಮೂರಕ್ಕೆ ಕೂಸು ಒದ್ದಾಡಿ ಅಳುವಾಗ, ನಿದ್ದೆಗಣ್ಣಲ್ಲಿ ಹನ್ನೆರಡು ಗುಂಡಿ ಹಾಕಿ, ಕೊನೆಗೆ ಒಂದು ಉಳಿದು, ಮತ್ತೆ ಎಲ್ಲಾ ಬಿಚ್ಚುವ ಕಷ್ಟ ನಿನಗೆ ಬೇಡ.

ಇನ್ನೊಂದು ಲೆಕ್ಕ ಹಾಕು. ಡಿಸೆಂಬರ್ ಕೂಸಿಗೆ ಆರು ತಿಂಗಳಾಗುವಾಗ ಜೂನ್ ಬಂದಿರುತ್ತದೆ. ಚಳಿಗಾಲದ ಕೊನೆಗೆ ದಪ್ಪ ಜಾಕೆಟ್ ಅರ್ಧ ಬೆಲೆಗೆ ಸಿಕ್ಕಿತು ಅಂತ 6 ತಿಂಗಳ ಅಳತೆಯದು ತಂದಿಟ್ಟರೆ ಅದು ಹಾಗೇ ಉಳಿಯುತ್ತದೆ. ತರುವುದಾದರೆ ಮುಂದಿನ ಚಳಿಗೆ ಆಗುವ ಅಳತೆ ತಾ.

ಚಳಿ ಅಂತ ಹೆದರಿ ನಾನು ಒಂದು ತಪ್ಪು ಮಾಡಿದೆ. ಹತ್ತಿ ತುಂಬಿದ, ದಿಂಬಿನಂಥ ದಪ್ಪ ಸೂಟು ಕೊಂಡು, ಆಸ್ಪತ್ರೆಯಿಂದ ಹೊರಡುವ ದಿನ ಅದನ್ನೇ ತೊಡಿಸಿ, ಕಾರಿನಲ್ಲಿ ಕೂಸಿಗೆಂದೇ ಇಡುವ ಬೆಲ್ಟಿನ ಸೀಟಿನಲ್ಲಿ ಮಲಗಿಸಿದೆ. ನರ್ಸ್ ಬಂದು ಬೆಲ್ಟ್ ಹಿಡಿದು ನೋಡಿ ಎಲ್ಲಾ ಬಿಚ್ಚಿಸಿದಳು. ಅಪಘಾತವಾದರೆ ಆ ಹತ್ತಿ ಅದುಮಿಹೋಗಿ ಬೆಲ್ಟ್ ಸಡಿಲಾಗುತ್ತದೆ, ಕೂಸು ಜಾರಿ ಹೊರಬೀಳಬಹುದು. ತೆಳು ಬಟ್ಟೆ ಎರಡು ಪದರ ತೊಡಿಸಿ, ಬೆಲ್ಟ್ ಬಿಗಿದು, ಅದರ ಮೇಲೆ ಹೊದಿಕೆ ಹೊದಿಸು. ಇದನ್ನು ಮರೆಯಬೇಡ.

ಹಳೆ ಬಟ್ಟೆ ಕೊಳ್ಳಲು ನಾಚಬೇಡ. ಮಕ್ಕಳ ಹಳೆ ಬಟ್ಟೆಯ ಅಂಗಡಿಗಳೇ ಇಲ್ಲಿವೆ, ಎರಡು ಸಲ ತೊಟ್ಟದ್ದು ಹೊಸದರಂತೆ ಇರುತ್ತದೆ. ಒಗೆದು ತೊಡಿಸು. ಹೊಸದನ್ನೂ ಒಗೆದೇ ತೊಡಿಸಬೇಕು. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಹಳೆ ಅರಿವೆಯನ್ನೇ ಸುತ್ತುತ್ತಾರಲ್ವಾ, ಅದು ಮೆತ್ತಗಿರುತ್ತದೆ ಅಂತ ನಿನಗೆ ಬೇರೆ ಹೇಳಬೇಕಿಲ್ಲ.

ಊರಿಂದ ಏನು ತರಬೇಕು ಅಂದರೆ, ನನ್ನ ಸೂಟ್‌ಕೇಸಿನ ಕಥೆ ಕೇಳು. ಅವ್ವ ಒಂದು ಸಣ್ಣ ಕೌದಿ ಹೊಲಿದಿಟ್ಟಿದ್ದಳು. ತನ್ನ ಎರಡು ಹಳೆ ಇಳಕಲ್ ಸೀರೆ, ಅಪ್ಪನ ಒಂದು ಧೋತರ, ಎಲ್ಲಾ ತೊಳೆದು ತೊಳೆದು ಬೆಣ್ಣೆಯಾದದ್ದು. ನಾಲ್ಕು ಮೂಲೆಗೆ ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ತುಂಡು ಕೊಟ್ಟು ಮುಚ್ಚಿದ್ದಳು, ಸಾಲು ಸಾಲು ಹೊಲಿಗೆ ಅಂಗುಲಕ್ಕೊಂದರಂತೆ. ಪೆಟ್ಟಿಗೆಯ ತೂಕ ವಿಮಾನದವರ ಮಿತಿ 23 ಕಿಲೋ ದಾಟಿತು. ಪೇಟೆಯಲ್ಲಿ ಆರಿಸಿ ತಂದ ಆರು ಫ್ರಾಕು, ಜರಿ, ನೆಟ್ಟು, ಅಂಚಿಗೆ ಮುತ್ತು, ಅವನ್ನು ತೆಗೆಯಲು ಮನಸ್ಸಾಗಲಿಲ್ಲ. ಕೌದಿ ತೆಗೆದು ಪಕ್ಕಕ್ಕಿಟ್ಟೆ. "ಅಲ್ಲಿ ಎಲ್ಲಾ ಸಿಗ್ತದವ್ವ" ಅಂದೆ. ಅವ್ವ ಏನೂ ಅನ್ನಲಿಲ್ಲ, ಮಡಚಿ ಒಳಗೆ ತಗೊಂಡು ಹೋದಳು.

ಆ ಆರು ಫ್ರಾಕಿನಲ್ಲಿ ಮಗಳು ತೊಟ್ಟದ್ದು ಒಂದು, ಅದೂ ಫೋಟೋಗೆ. ಅವ್ವನಿಗೆ ಪಾಸ್‌ಪೋರ್ಟೇ ಇರಲಿಲ್ಲ, ಬಾಣಂತನಕ್ಕೆ ಯಾರೂ ಬರಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ. ಅಂಗಡಿಯ ಹೊದಿಕೆಗಳಿಗೆಲ್ಲ ಒಂದೇ ಥರ ಪ್ಲಾಸ್ಟಿಕ್ ಚೀಲದ ವಾಸನೆ. ಎರಡು ವರ್ಷದ ಮೇಲೆ ಊರಿಗೆ ಹೋದಾಗ ಕೌದಿ ಎಲ್ಲಿ ಅಂತ ಕೇಳಿದೆ. "ನೀ ಬ್ಯಾಡಂದ್ಯಲ್ಲಾ, ಪಕ್ಕದ ಮನಿ ಹುಡುಗಿ ಹಡದಾಗ ಕೊಟ್ಟೆ" ಅಂದಳು. ಆ ಮನೆಯ ಎರಡು ಮಕ್ಕಳು ಅದರ ಮೇಲೆ ಮಲಗಿ ಎದ್ದಿದ್ದವು. ಹರಿದು ನೆಲ ಒರೆಸಲು ಹೋಗಿತ್ತು. ಅವ್ವನ ಕಣ್ಣು ಆಗಲೇ ಮಂದವಾಗಿತ್ತು, ಮತ್ತೊಂದು ಹೊಲಿಯಲು ಆಗಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮ ಅವ್ವ ಗಂಟು ಹಿಡಿದು ಬಂದರೆ ಫ್ರಾಕು ತೆಗೆದಿಟ್ಟು ಅದನ್ನು ಹಾಕಿಕೊ. ಹಳೆ ಧೋತರದ ನಾಲ್ಕು ತುಂಡು, ಮೆತ್ತನೆ ಜಬಲಾ ನಾಲ್ಕು, ತಲೆಗೆ ಕಟ್ಟುವ ಒಂದು ಖಣದ ಕುಂಚಿಗೆ, ಸಾಧ್ಯವಾದರೆ ಕೌದಿ. ಆದರೆ ತೊಟ್ಟಿಲಲ್ಲಿ ಕೂಸಿನ ಮೇಲೆ ಕೌದಿ ಹೊದಿಸಬೇಡ, ಕುಂಚಿಗೆ ಕಟ್ಟಿ ಮಲಗಿಸಬೇಡ. ಮುಖಕ್ಕೆ ಬಟ್ಟೆ ಬಂದರೆ, ದಾರ ಕುತ್ತಿಗೆಗೆ ಸುತ್ತಿದರೆ ಅಪಾಯ. ಇಲ್ಲಿನ ಡಾಕ್ಟರು ತೊಟ್ಟಿಲಲ್ಲಿ ಏನೂ ಇಡಬೇಡಿ, ಅಂಗಾತ ಮಲಗಿಸಿ ಅನ್ನುತ್ತಾರೆ, ಆ ಮಾತು ಕೇಳು. ಕೌದಿಯನ್ನು ಹಗಲು ನೆಲದ ಮೇಲೆ ಹಾಸು, ಪಕ್ಕದಲ್ಲಿ ನೀನು ಕೂತಿರು.

ಗುಳೇದಗುಡ್ಡದ ಕಡೆ ಹೋದರೆ ನನಗೂ ಒಂದು ಖಣ ತಾ. ಮಗಳು ಈಗ ಹೈಸ್ಕೂಲು, ಅವಳಿಗೆ ಕುಪ್ಪಸ ಹೊಲಿಸಬೇಕು. ಕೆಂಪು ಬಣ್ಣದ್ದು.