ಮಿನಿಮಮ್ ಅಂದರೆ ಓಡುತ್ತೆ ಅಂತಾನಾ?

ಲ್ಯಾಪ್‌ಟಾಪ್‌ನಲ್ಲಿ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದೆ, ಫೋಟೋಶಾಪ್ ಮಿನಿಮಮ್ 8, ರೆಕಮೆಂಡೆಡ್ 16 ಜಿಬಿ ಅಂತ ಹೇಳುತ್ತೆ, ಹಾಕಿಸಬಹುದಾ ಅಂತ ಕೇಳಿದ್ದೀರಿ.

ರ‍್ಯಾಮ್ ಮಟ್ಟಿಗೆ ಹೇಳುವುದಾದರೆ ಹಾಕಿಸಬಹುದು. ಆದರೆ ಮಿನಿಮಮ್ ಅಂದರೆ ತೆರೆದುಕೊಳ್ಳುತ್ತೆ ಅಂತ ಅಷ್ಟೇ. ಆರಾಮಾಗಿ ಕೆಲಸ ಮಾಡೋಕೆ ಬೇಕಾದ್ದು ರೆಕಮೆಂಡೆಡ್ ಸಾಲಿನಲ್ಲಿರುತ್ತೆ.

ಫೋಟೋಶಾಪ್ ಏನೇನು ಬೇಕು ಅಂತ ಕೊಡುವ ಪಟ್ಟಿಯಲ್ಲಿ ನಾನು ಮೊದಲು ನೋಡೋದು ರ‍್ಯಾಮ್ ಅಲ್ಲ. ರ‍್ಯಾಮ್ ಕಡಿಮೆಯಿದ್ದರೆ ಸಾಮಾನ್ಯವಾಗಿ ನಿಧಾನವಾಗುತ್ತದೆ. ಆಪರೇಟಿಂಗ್ ಸಿಸ್ಟಮ್ ಹಳೆಯದಿದ್ದರೆ, ಗ್ರಾಫಿಕ್ಸ್ ಕಾರ್ಡ್‌ಗೆ ಡೈರೆಕ್ಟ್‌ಎಕ್ಸ್ 12 (ಚಿತ್ರ ಮೂಡಿಸಲು ಪ್ರೋಗ್ರಾಮ್‌ಗಳು ಬಳಸುವ ವಿಂಡೋಸ್ ವ್ಯವಸ್ಥೆ) ಬರದಿದ್ದರೆ ಅಲ್ಲಿಗೇ ಮುಗಿಯಿತು, ಇನ್‌ಸ್ಟಾಲೇ ಆಗದಿರಬಹುದು. ವಿಂಡೋಸ್ 11 ನೋಡಿ. ಅದು ಕೇಳುವ ರ‍್ಯಾಮ್ 4 ಜಿಬಿ, ಜಾಗ 64 ಜಿಬಿ. ಹಾಗಿದ್ದರೂ 16 ಜಿಬಿ ರ‍್ಯಾಮ್ ಇದ್ದ ಗಟ್ಟಿಮುಟ್ಟಾದ ಎಷ್ಟೋ ಕಂಪ್ಯೂಟರುಗಳು 2021ರಲ್ಲಿ ಅದರ ಅಧಿಕೃತ ಪಟ್ಟಿಯಿಂದ ಹೊರಗುಳಿದವು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಲಿಲ್ಲ, ಇಲ್ಲವೇ ಪ್ರೊಸೆಸರ್ ಹಳೆಯದಾಗಿತ್ತು.

ಇನ್ನು ನಿಮ್ಮ 'ಐ5'. ಬರೀ ಐ5 ಅಂದರೆ ಏನೂ ಗೊತ್ತಾಗುವುದಿಲ್ಲ. ಅದರ ಮುಂದಿನ ಸಂಖ್ಯೆ ಬೇಕು. ಐ5-7200ಯು ಅಂದರೆ ಏಳನೇ ತಲೆಮಾರು, 2 ಕೋರ್ (ಚಿಪ್ ಒಳಗೆ ಕೆಲಸ ಮಾಡುವ ಘಟಕ). ಐ5-8250ಯು ಎಂಟನೆಯದು, 4 ಕೋರ್. ಅಂಟಿಸಿರುವ ಸ್ಟಿಕ್ಕರ್‌ನಲ್ಲಿ ಎರಡೂ ಐ5! ಹಳೇ ಐ7ಗಿಂತ ಹೊಸ ಐ3 ಚುರುಕಾಗಿರೋದೂ ಉಂಟು. ಕೊನೆಯ 'ಯು' ಅಂದರೆ ಕಡಿಮೆ ವಿದ್ಯುತ್ ಬಳಸುವ ಚಿಪ್, ಜಾಸ್ತಿ ಜೋರು ನಿರೀಕ್ಷಿಸಬೇಡಿ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಿಎಕ್ಸ್‌ಡಯಾಗ್ (dxdiag) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ರೊಸೆಸರ್, ರ‍್ಯಾಮ್, ಡೈರೆಕ್ಟ್‌ಎಕ್ಸ್ ಎಲ್ಲ ಕಾಣುತ್ತೆ. ಆಮೇಲೆ ದಿನಾ ಬಳಸುವ ಪ್ರೋಗ್ರಾಮ್‌ಗಳನ್ನೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. 8ರಲ್ಲಿ ಆಗಲೇ 5–6 ಜಿಬಿ ಖರ್ಚಾಗಿದ್ದರೆ ಫೋಟೋಶಾಪ್‌ಗೆ ಉಳಿದದ್ದೆಷ್ಟು? ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಗ್ರಾಫಿಕ್ಸಿಗೂ ಇದೇ ರ‍್ಯಾಮ್‌ನಿಂದಲೇ ಪಾಲು ಹೋಗಬೇಕು. ಬ್ರೌಸರ್ ಮುಚ್ಚಿ ಕೆಲಸ ಮಾಡುವ ತಾಳ್ಮೆ ಇದ್ದರೆ ಸರಿ.

ಅದೇ ಪರದೆಯಲ್ಲಿ 'ಸ್ಲಾಟ್ಸ್ ಯೂಸ್ಡ್' ಅಂತ ಇರುತ್ತೆ. '1 ಆಫ್ 2' ಅಂತಿದ್ದರೆ ಇನ್ನೊಂದು 8 ಜಿಬಿ ಸೇರಿಸಲು ಜಾಗ ಇದೆ ಅಂತ ಅರ್ಥ, ಸುಮ್ನೆ ಹೊಸ ಲ್ಯಾಪ್‌ಟಾಪ್ ಹುಡುಕಬೇಡಿ. ತೆಳುವಾದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಾಯಿಸೋಕೆ ಆಗಲ್ಲ.

ಡಿಸ್ಕ್ ಬಗ್ಗೆ ಒಂದೇ ಮಾತು. ಪಟ್ಟಿಯಲ್ಲಿರೋದು ಸಾಮಾನ್ಯವಾಗಿ ಇನ್‌ಸ್ಟಾಲ್‌ಗೆ ಬೇಕಾದ ಜಾಗ. ಕೆಲಸ ಮಾಡುವಾಗ ಫೋಟೋಶಾಪ್ ತಾತ್ಕಾಲಿಕ ಫೈಲುಗಳನ್ನೂ ಬರೆಯುತ್ತದೆ, ಅದಕ್ಕೆ ಇನ್ನಷ್ಟು ಖಾಲಿ ಬಿಟ್ಟಿರಿ.

ದುಡ್ಡು ಕೊಡುವ ಮೊದಲು ಟ್ರಯಲ್ ಹಾಕಿಕೊಂಡು, ನಿಮ್ಮದೇ ದೊಡ್ಡ ಫೈಲೊಂದನ್ನು ತೆರೆದು ನೋಡಿ.