ಪಂಚಮಿಗೆ ತವರಿಗೆ ಹೊರಟಿದ್ದೇನೆ, ಉಂಡಿ ಒಲ್ಲೆ ಎನ್ನುವುದು ಹೇಗೆ?

ಪ್ರಶ್ನೆ: ನನಗೆ 38 ವರ್ಷ. ಗಂಡನ ಮನೆ ಹುಬ್ಬಳ್ಳಿ, ತವರು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಒಂದು ಹಳ್ಳಿ. ಯುಗಾದಿಯ ಸುಮಾರಿಗೆ ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.8 ಇತ್ತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಊಟ ಬದಲಿಸಿಕೊಂಡ ಮೇಲೆ ಹತೋಟಿಗೆ ಬರುತ್ತಿದೆ. ತಂಗಿಗೆ ಗಂಡು ನೋಡುತ್ತಿರುವುದರಿಂದ ಜನ ಆಡಿಕೊಂಡಾರೆಂದು ಅಂಜಿ ತವರಿನಲ್ಲಿ ಯಾರಿಗೂ ತಿಳಿಸಿಲ್ಲ, ತೂಕ ಇಳಿಸಲು ಡಯಟ್ ಮಾಡುತ್ತಿದ್ದೇನೆ ಎಂದಷ್ಟೇ ಹೇಳಿದ್ದೇನೆ. ಕಾರಹುಣ್ಣಿಮೆಗೆ ಹೋದಾಗ ಕಡಬು ಬೇಡವೆಂದದ್ದಕ್ಕೆ, ನನ್ನ ಎರಡೂ ಬಾಣಂತನ ಮಾಡಿದ ಅವ್ವ, "ಅವ್ವ ಮಾಡಿದ್ದು ಒಲ್ಲೆ ಅನ್ನೋವಷ್ಟು ದೊಡ್ಡಾಕಿ ಆದೇನ?" ಎಂದು ಕಣ್ಣೀರು ಹಾಕಿದಳು. ಪಂಚಮಿಗೆ ನಾಲ್ಕು ದಿನ ಅಲ್ಲಿರಬೇಕು. ಅವ್ವನ ಮನಸ್ಸು ನೋಯಿಸದೆ ಪಥ್ಯ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಪ್ರಿಯ ಸಹೋದರಿ, ಹಬ್ಬಕ್ಕೆ ಹೋಗುವ ಮೊದಲೇ ನಿಮ್ಮ ತಾಯಿಗೆ ನಿಜ ಹೇಳಿಬಿಡಿ. ತೂಕ ಇಳಿಸುವ ಡಯಟ್ ಎಂದಾಗ, ಪಟ್ಟಣ ಸೇರಿದ ಮಗಳಿಗೆ ತವರಿನ ಊಟ ಸೇರದಾಗಿದೆ ಎಂದೇ ಅವರಿಗೆ ತೋರಿರಬೇಕು. ನಿಮ್ಮ ಬಾಣಂತನದಲ್ಲಿ ಇಂಥದ್ದನ್ನು ಉಣ್ಣಬೇಕು, ಇಂಥದ್ದನ್ನು ಮುಟ್ಟಬಾರದು ಎಂದು ಕಟ್ಟುನಿಟ್ಟಾಗಿ ನೋಡಿಕೊಂಡವರು ಅವರೇ ಆಗಿರುವಾಗ, ಡಾಕ್ಟರು ಹೇಳಿದ ಪಥ್ಯವನ್ನು ಅವರು ಮುರಿಸಲಾರರು. ಗೊತ್ತಾದ ಮೇಲೆ ಬೇರೆಯವರು ಒತ್ತಾಯ ಮಾಡಿದರೂ ಅಡ್ಡ ಬರುವವರು ಅವರೇ.

ತಂಗಿಯ ಮದುವೆಯ ಕುರಿತು ನಿಮಗಿರುವ ಅಂಜಿಕೆಯನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಸಂಬಂಧ ನೋಡುವ ಹೊತ್ತಿನಲ್ಲಿ ಇಂತಹ ಮಾತುಗಳು ಬೇಗ ಹರಡುತ್ತವೆ. ಆದ್ದರಿಂದ ಓಣಿಗೆಲ್ಲ ಸಾರಬೇಕಾಗಿಲ್ಲ. ತಾಯಿಗೆ ಮತ್ತು ಅಡುಗೆಯಲ್ಲಿ ಅವರಿಗೆ ಜೊತೆಯಾಗುವವರಿಗೆ ಹೇಳಿದರೆ ಸಾಕು. ಫೋನಿನಲ್ಲಿ ಹೇಳಿದರೆ ಗಾಬರಿಯಾಗುತ್ತಾರೆ. ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ, ಎದುರಿಗೆ ಕುಳಿತು, ಈಗ ಹತೋಟಿಗೆ ಬರುತ್ತಿದೆ ಎಂಬುದನ್ನೂ ಸೇರಿಸಿ ಹೇಳಿ. ಮುಚ್ಚಿಡದಿರಲು ಇನ್ನೊಂದು ಕಾರಣವೂ ಇದೆ. ಅಕ್ಕನಿಗೆ ಈ ಕಾಯಿಲೆ ಇದ್ದರೆ ಒಡಹುಟ್ಟಿದವರಿಗೂ ಅದು ಬರುವ ಸಂಭವ ಹೆಚ್ಚು. ನಿಮ್ಮ ತಾಯಿ, ತಂಗಿ ಇಬ್ಬರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಮತ್ತು ಅದನ್ನು ಅವರಿಗೆ ಹೇಳಬೇಕಾದವರು ನೀವೇ.

ಇನ್ನು ಊಟದ ಮಾತು. ರೊಟ್ಟಿ ಪಂಚಮಿಯ ದಿನ ನಿಮಗೆ ಅಷ್ಟೇನೂ ತೊಂದರೆಯಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಎಣ್ಣೆಗಾಯಿ, ಅಗಸಿ ಹಿಂಡಿ, ಮೊಸರು, ಹಸಿ ಸೌತೆಕಾಯಿ ಇರುವ ತಾಟಿಗಿಂತ ಒಳ್ಳೆಯದನ್ನು ಯಾವ ಆಹಾರತಜ್ಞರೂ ಸುಲಭವಾಗಿ ಬರೆದುಕೊಡಲಾರರು. ಆದರೆ ಜೋಳದಲ್ಲಿ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ಸರಿಯಲ್ಲ, ಅದರಲ್ಲಿಯೂ ಪಿಷ್ಟವಿದೆ. ಮೊದಲು ಸೌತೆಕಾಯಿ, ಕಾಳು, ಪಲ್ಯ ಉಂಡು ಆಮೇಲೆ ರೊಟ್ಟಿಗೆ ಬಂದರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. ನೆರೆಮನೆಗಳಿಗೆ ರೊಟ್ಟಿ ಬೀರುವ ಕೆಲಸವನ್ನು ಉಂಡ ಮೇಲಕ್ಕೆ ಇಟ್ಟುಕೊಂಡು ನೀವೇ ಹೋಗಿಬನ್ನಿ. ಹತ್ತು ಹದಿನೈದು ನಿಮಿಷದ ಆ ನಡಿಗೆಯಿಂದಲೂ ಸಕ್ಕರೆ ತಗ್ಗುತ್ತದೆ.

ಕಷ್ಟವಿರುವುದು ಉಂಡಿಯದು. "ಮನೆಯ ಬೆಲ್ಲ, ಏನೂ ಆಗೂದಿಲ್ಲ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆಲ್ಲದ ಬಹುಪಾಲು ಸಕ್ಕರೆಯೇ, ರಕ್ತಕ್ಕೆ ಸೇರಿದ ಮೇಲೆ ಎರಡಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ. ಶೇಂಗಾ, ಬೆಲ್ಲ ಸಮಸಮ ಹಾಕಿ ಕಟ್ಟಿದ 30 ಗ್ರಾಂ ತೂಕದ ಒಂದು ಉಂಡಿಯಲ್ಲಿ 15 ಗ್ರಾಂ ಬೆಲ್ಲ, ಅಂದರೆ ಹೆಚ್ಚುಕಡಿಮೆ ಮೂರು ಟೀ ಚಮಚ ಸಕ್ಕರೆ ಇರುತ್ತದೆ. ರವೆ ಉಂಡಿಯಲ್ಲಿ ಸಕ್ಕರೆಯ ಜೊತೆಗೆ ರವೆಯೂ ಸೇರಿ ಬೇಗ ಏರಿಸುತ್ತದೆ. ಶೇಂಗಾ, ಎಳ್ಳಿನ ಉಂಡಿಗಳಲ್ಲಿರುವ ಕೊಬ್ಬು, ಪ್ರೋಟೀನುಗಳಿಂದ ಏರಿಕೆ ಸ್ವಲ್ಪ ನಿಧಾನ. ಹಾಗಾಗಿ ತಿನ್ನುವುದಾದರೆ ಎಳ್ಳಿನದೋ ಶೇಂಗಾದ್ದೋ ಒಂದು ಉಂಡಿಯನ್ನು, ಬರಿ ಹೊಟ್ಟೆಯಲ್ಲಿ ಚಹಾದ ಜೊತೆ ತಿನ್ನದೆ, ಊಟದ ಕೊನೆಗೆ, ಆ ಹೊತ್ತಿನ ಒಂದು ರೊಟ್ಟಿ ಬಿಟ್ಟು ತಿನ್ನಿ. ಉಂಡಿ ಕಟ್ಟುವಾಗ ತಾಯಿಯ ಪಕ್ಕದಲ್ಲೇ ಕುಳಿತುಕೊಳ್ಳಿ. ಪಾಕ ಆರುವುದರೊಳಗೆ, ಅಂಗೈಗೆ ತುಪ್ಪ ಸವರಿಕೊಂಡು, ಬಿಸಿ ತಾಳಿಕೊಂಡು ಕಟ್ಟಬೇಕಾದ ಆ ಅವಸರದಲ್ಲಿ ನಾಲ್ಕು ಉಂಡಿಗಳನ್ನು ಸಣ್ಣ ನಿಂಬೆಕಾಯಿ ಗಾತ್ರಕ್ಕೆ ನಿಮಗೆಂದೇ ಕಟ್ಟಿಕೊಡಲು ಅವರನ್ನು ಕೇಳಿ, ದಿನಕ್ಕೊಂದು ಎಂದು ಬೇರೆ ಡಬ್ಬಿಯಲ್ಲಿ ತೆಗೆದಿಡಿ. ಮಗಳಿಗೆಂದು ಕಟ್ಟುವ ಸಂತೋಷ ಅವರಿಗೆ ಉಳಿಯುತ್ತದೆ, ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ನನಗೆ ಉಂಡಿಗಿಂತ ಹೆಚ್ಚು ಕಳವಳವಿರುವುದು ನಾಗಚೌತಿಯ ಉಪವಾಸದ ಬಗ್ಗೆ. ಅದನ್ನು ನೀವು ಪತ್ರದಲ್ಲಿ ಎತ್ತಿಲ್ಲ. ಗ್ಲಿಮೆಪಿರೈಡ್ ತೆಗೆದುಕೊಂಡು, ಹಾಲು ಹಾಕಿ ಬರುವ ತನಕ ಏನೂ ತಿನ್ನದೆ ಉಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೈ ನಡುಗುವುದು, ಬೆವರುವುದು, ಕಣ್ಣು ಕತ್ತಲೆಗಟ್ಟುವುದು ಅದರ ಲಕ್ಷಣಗಳು. ಹಾಗಾದರೆ ಹಬ್ಬ, ಪಥ್ಯ ಯಾವುದನ್ನೂ ನೋಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಸ್ವಲ್ಪ ಹೊತ್ತಿನಲ್ಲಿ ಊಟವನ್ನೂ ಮಾಡಬೇಕು. ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ಬಿಡಲೂಬೇಡಿ, ಹೊತ್ತು ಬದಲಿಸಲೂಬೇಡಿ. ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಅವರು ಉಪವಾಸ ಬೇಡವೆಂದರೆ ಬಿಡಿ. ಉಪವಾಸಕ್ಕೆ ನಡೆಯುತ್ತದೆಂದು ಸಾಬೂದಾಣಿ ತಿನ್ನುವುದರಿಂದಲೂ ನಿಮಗೆ ಒಳಿತಿಲ್ಲ, ಅದು ಬಹುಪಾಲು ಬರೀ ಪಿಷ್ಟ.

ಊಟಕ್ಕೆ ಕುಳಿತಾಗ ಬಂಧುಗಳು ಬಡಿಸಲು ಬಂದರೆ ದೊಡ್ಡ ವಿವರಣೆ ಕೊಡಬೇಕಾಗಿಲ್ಲ. "ನನ್ನ ಪಾಲಿಂದು ಅವ್ವ ತೆಗೆದಿಟ್ಟಾಳ್ರೀ" ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಒಂದು ಹೊತ್ತು ತಪ್ಪಿ ಎರಡು ಉಂಡಿ ತಿಂದರೂ ಮರುದಿನ ಉಪವಾಸ ಬಿದ್ದು ಸರಿದೂಗಿಸಲು ಹೋಗಬೇಡಿ. ಮುಂದಿನ ಊಟವನ್ನು ಎಂದಿನಂತೆ ಮಾಡಿ.

ತಿರುಗಿ ಹೊರಡುವಾಗ ಉಡಿ ತುಂಬಿ, ಬುತ್ತಿ ಕಟ್ಟಿಯೇ ಕಟ್ಟುತ್ತಾರೆ, ಬೇಡವೆನ್ನಬೇಡಿ. ಉಂಡಿ ಎಷ್ಟು ಬೇಕೆಂದು ತಾಯಿಗೆ ಮೊದಲೇ ಹೇಳಿ, ಅದನ್ನು ಮಕ್ಕಳಿಗೂ ಹುಬ್ಬಳ್ಳಿಯ ನೆರೆಹೊರೆಯವರಿಗೂ ಹಂಚಿ. ನಿಮಗೆಂದು ಎರಡು ಡಜನ್ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕೇಳಿ ಪಡೆಯಿರಿ. ರೊಟ್ಟಿ ಮುರಿಯದಂತೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿಸಿಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ.